ಆಕಾಶದಿಂದ ಇಳಿಯದ ಬೆಟ್ಟಗಳು

1866ರಲ್ಲಿ ಉಡುಪಿಯ ಸಮೀಪದಲ್ಲಿ ಆಕಾಶದಿಂದ ಒಂದು ಕಲ್ಲು ಬಿದ್ದಿತು. ಉಲ್ಕಾಶಿಲೆಗಳಿಗೆ ಅವು ಬಿದ್ದ ಊರಿನ ಹೆಸರನ್ನೇ ಇಡುವುದು ವಿದ್ವಾಂಸರ ರೂಢಿಯಾದುದರಿಂದ, ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಅದು ಅಂದಿನ ಬರವಣಿಗೆಗೆ ಅನುಸಾರವಾಗಿ ‘ಉಡಿಪಿ’ ಎಂದೇ ನಮೂದಾಗಿದೆ. ಒಬ್ಬ ಮನುಷ್ಯನು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದಷ್ಟೇ ಭಾರದ ಈ ಕಲ್ಲು ಕಾಂಡ್ರೈಟ್ ಎಂಬ ವರ್ಗಕ್ಕೆ, ಅದರಲ್ಲಿಯೂ ಕಬ್ಬಿಣದ ಅಂಶ ಅಧಿಕವಾಗಿರುವ ಶಾಖೆಗೆ ಸೇರಿದುದು. ಈ ವರ್ಗದ ಶಿಲೆಗಳು ಮೈದಳೆದುದು ಸುಮಾರು 456 ಕೋಟಿ ವರ್ಷಗಳ ಹಿಂದೆ, ಸೂರ್ಯನ ಸುತ್ತಣ ಧೂಳು ಕೂಡಿಕೊಂಡು ಗ್ರಹಗಳಾಗುತ್ತಿದ್ದ ಆದಿಕಾಲದಲ್ಲಿ; ಆದುದರಿಂದ ತುಳುನಾಡಿನ ಅತ್ಯಂತ ಪುರಾತನವಾದ ಬಂಡೆಗಿಂತಲೂ ಆ ಪುಟ್ಟ ಕಲ್ಲಿನ ವಯಸ್ಸು ನೂರು ಕೋಟಿ ವರ್ಷಗಳಿಗೂ ಮಿಗಿಲಾಗಿ ಹೆಚ್ಚಿನದು. ಆದರೂ ಅದು ಬಿದ್ದಲ್ಲಿ ಕುಳಿಯಾಗಲಿಲ್ಲ, ಬೆಟ್ಟವೇಳಲಿಲ್ಲ. ಅಷ್ಟು ಸಣ್ಣ ಕಲ್ಲಿನ ವೇಗವನ್ನೆಲ್ಲ ಭೂಮಿಯ ವಾಯುಮಂಡಲವೇ ಮೇಲಿನಲ್ಲಿ ತಡೆದು ಹೀರಿಬಿಡುವುದರಿಂದ, ಅದು ಕೊನೆಗೆ ಬಹಳ ಎತ್ತರದಿಂದ ಉದುರಿದ ಯಾವುದೇ ಕಲ್ಲಿನ ರಭಸದಿಂದ ಮಾತ್ರ ನೆಲವನ್ನು ಮುಟ್ಟುವುದು.

ಹೀಗಿದ್ದರೂ, ಕಾರ್ಕಳದ ಗೊಮ್ಮಟಬೆಟ್ಟವನ್ನೋ ಪಾಜಕದ ನೆರೆಯ ಕುಂಜಾರುಗಿರಿಯನ್ನೋ ದೂರದಿಂದ ಕಂಡವನಿಗೆ, ಸುತ್ತಲೂ ತೆಂಗು ಕಂಗುಗಳ ಹಸುರು ಬಯಲಿರಲಾಗಿ ನಡುವೆ ಮಾತ್ರ ಸಂದುಗೊಂದಿಲ್ಲದ ಕರಿಯ ಬಂಡೆಯೊಂದು ಒಂಟಿಯಾಗಿ ಎದ್ದು ನಿಂತಿರುವುದನ್ನು ನೋಡಿ, ಇದು ಈ ನೆಲದಲ್ಲಿ ಹುಟ್ಟಿದುದಲ್ಲ, ಮೇಲಿನಿಂದ ಬಂದು ಬಿದ್ದುದು ಎಂಬ ಭಾವನೆ ತಾನಾಗಿಯೇ ಮೂಡಿದರೆ ಆಶ್ಚರ್ಯವಿಲ್ಲ. ಪರಶುರಾಮನು ಕೊಡಲಿಯನ್ನೆಸೆದು ಕಡಲನ್ನು ಹಿಂದೆ ಸರಿಸಿ ನೆಲವನ್ನು ಪಡೆದನೆಂಬ ಕಥೆ ಹುಟ್ಟಿದ ನಾಡಿನಲ್ಲಿ, ಎಸೆತಕ್ಕೂ ಭೂಮಿಯ ಉದಯಕ್ಕೂ ಸಂಬಂಧ ಕಲ್ಪಿಸುವುದು ಜನಮನಕ್ಕೆ ಹೊಸತೂ ಅಲ್ಲ. ಉಲ್ಕೆಯ ಹೊಡೆತದಿಂದ ಬೆಟ್ಟವಾಗುವುದುಂಟೆ ಎಂಬ ಪ್ರಶ್ನೆಗೆ ಭೂವಿಜ್ಞಾನವು ಕೊಡುವ ಉತ್ತರ, ಉಂಟು ಎಂಬುದೇ. ಆದರೆ ನಮ್ಮ ಬೆಟ್ಟಗಳು ಆ ಜಾತಿಯವೇ ಎಂದು ಕೇಳಿದರೆ ಉತ್ತರ ಬೇರೆಯಾಗುವುದು. ಆ ಬೇರೆಯ ಉತ್ತರವು ಉಲ್ಕೆಯ ಕಥೆಗಿಂತ ಕಡಿಮೆ ಅದ್ಭುತವಾದುದಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ವಾಯುಮಂಡಲವು ತಡೆಯಲಾರದಷ್ಟು ದೊಡ್ಡದಾದ ಆಕಾಶಕಾಯವು ಭೂಮಿಗೆ ಬಡಿಯುವಾಗ ಅದರ ವೇಗ ಸೆಕೆಂಡಿಗೆ 11 ಕಿಲೋಮೀಟರಿಗೆ ಕಡಿಮೆಯಿರುವುದಿಲ್ಲ; 70 ಕಿಲೋಮೀಟರ್ ಮುಟ್ಟಿದರೂ ಮುಟ್ಟೀತು. ಈ ವೇಗದಲ್ಲಿ ಬಂದ ಕಾಯವು ನೆಲದಲ್ಲಿ ಹೂತುಕೊಳ್ಳುವ ಮಾತೇ ಇಲ್ಲ. ತನ್ನ ಚಲನಶಕ್ತಿಯೆಲ್ಲ ಒಂದೇ ಕ್ಷಣದಲ್ಲಿ ಶಾಖವಾಗಿಯೂ ಆಘಾತತರಂಗವಾಗಿಯೂ ಮಾರ್ಪಡಲು, ತಾನೇ ಬಹುಮಟ್ಟಿಗೆ ಆವಿಯಾಗಿ ಹೋಗುವುದು. ಆದುದರಿಂದ ಉಲ್ಕಾಘಾತದ ಬೆಟ್ಟವೆಂದರೆ ಆಕಾಶದಿಂದ ಬಿದ್ದ ಕಲ್ಲೇ ಬೆಟ್ಟವಾಗಿ ಉಳಿದುದು ಎಂದು ತಿಳಿಯುವುದು ತಪ್ಪು. ಆ ಬೆಟ್ಟವು ಭೂಮಿಯದೇ ಕಲ್ಲು, ಕೆಳಗಿದ್ದುದು ಮೇಲಕ್ಕೆ ಬಂದುದು. ಕೊಳಕ್ಕೆ ಕಲ್ಲೆಸೆದಾಗ ನೀರು ಮೊದಲು ಬಟ್ಟಲಿನಂತೆ ಒಳಕ್ಕೆ ತಗ್ಗಿ, ಮರುಗಳಿಗೆಯಲ್ಲಿ ಅದರ ನಡುವಿನಿಂದ ಒಂದು ನೀರಿನ ಕಂಬ ಮೇಲಕ್ಕೆ ಚಿಮ್ಮುವುದನ್ನು ಎಲ್ಲರೂ ಕಂಡಿರುವರಷ್ಟೆ. ಮಹಾಘಾತದ ಒತ್ತಡದಲ್ಲಿ ಶಿಲೆಯೂ ಕೆಲವು ನಿಮಿಷಗಳ ಕಾಲ ದ್ರವದ ಧರ್ಮವನ್ನೇ ತಾಳಿ ಹಾಗೆಯೇ ನಡುವಿನಿಂದ ಮೇಲೆದ್ದು, ಮರಳಿ ಬೀಳುವುದಕ್ಕೆ ಮುಂಚೆಯೇ ಗಟ್ಟಿಯಾಗಿ ನಿಂತುಬಿಡುವುದು. ಭೂಮಿಯ ಮೇಲೆ, ಪದರಶಿಲೆಯ ನೆಲವಾದರೆ ಸುಮಾರು 2 ಕಿಲೋಮೀಟರ್, ಕಠಿನಶಿಲೆಯ ನೆಲವಾದರೆ ಸುಮಾರು 4 ಕಿಲೋಮೀಟರಿಗೆ ಮೀರಿದ ಕುಳಿಗಳಲ್ಲಿ ಈ ಮಧ್ಯಪರ್ವತವು ಕಾಣಿಸಿಕೊಳ್ಳುವುದು. ಉಳಿದ ಪರ್ವತಗಳು ಕೋಟ್ಯಂತರ ವರ್ಷಗಳಲ್ಲಿ ಏಳುವವು. ಇದು ನಿಮಿಷಗಳಲ್ಲಿ ಏಳುವುದು.

ಇಂಥ ಪರ್ವತಗಳನ್ನು ನೋಡಬೇಕಾದರೆ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿದರೆ ಸಾಕು. ದಕ್ಷನ ಶಾಪದಿಂದ ಕ್ಷೀಣಿಸಿದ ಚಂದ್ರನು ಅಬ್ಜಾರಣ್ಯದಲ್ಲಿ ಶಿವನನ್ನು ಕುರಿತು ತಪಸ್ಸು ಮಾಡಿ ಕಳೆಯನ್ನು ಮರಳಿ ಪಡೆದನೆಂದು ಉಡುಪಿಯ ಚಂದ್ರಮೌಳೀಶ್ವರನ ಸ್ಥಳಪುರಾಣವು ಹೇಳುವುದು. ಆ ಚಂದ್ರನ ದಕ್ಷಿಣ ಭಾಗದಲ್ಲಿ ಬೆಳ್ಳಗೆ ಹೊಳೆಯುವ ಟೈಕೊ ಎಂಬ ಕುಳಿಯ ವ್ಯಾಸ ಸುಮಾರು 85 ಕಿಲೋಮೀಟರ್. ಅದರ ನಡುವೆ ನಿಂತಿರುವ ಶಿಖರವು ಕುಳಿಯ ತಳದಿಂದ ಸುಮಾರು 2 ಕಿಲೋಮೀಟರ್ ಎತ್ತರವಾದುದು. ಅಲ್ಲಿ ಮಳೆಯಿಲ್ಲ, ಗಾಳಿಯಿಲ್ಲ, ಬೇರುಬಿಟ್ಟು ಬಂಡೆಯನ್ನು ಸೀಳುವ ಗಿಡವಿಲ್ಲ. ಆದ ಗಾಯವೆಲ್ಲ ಆದಂತೆಯೇ ಉಳಿದಿದೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಕರಾವಳಿಯಂಥ ನೆಲದಲ್ಲಿ ಗಾಯಗಳು ಬೇಗನೆ ಅಳಿಸಿಹೋಗುವುವು. ಸಮಸ್ತ ಭೂಮಂಡಲದಲ್ಲಿ ದೃಢಪಟ್ಟಿರುವ ಉಲ್ಕಾಘಾತ ಸ್ಥಳಗಳು ಸುಮಾರು 200 ಮಾತ್ರ ಇರುವುದಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಸಾಮಾನ್ಯವಾಗಿ ಎಣಿಸುವುದು ಮೂರು ಸ್ಥಳಗಳನ್ನು: ಮಹಾರಾಷ್ಟ್ರದ ಲೋಣಾರ, ಮಧ್ಯಪ್ರದೇಶದ ಢಾಲಾ, ರಾಜಸ್ಥಾನದ ರಾಮಗಢ. ಈ ಮೂರರಲ್ಲಿ ಬೆಟ್ಟವೆಂದು ಹೇಳಬಹುದಾದುದು ಬಾರಾಂ ಜಿಲ್ಲೆಯ ರಾಮಗಢವೇ. ಚಪ್ಪಟೆಯಾದ ಬಯಲಿನ ನಡುವೆ ವಿಂಧ್ಯ ಶ್ರೇಣಿಯ ಮರಳುಗಲ್ಲಿನ ಪದರಗಳು ಬಳೆಯ ಆಕಾರದಲ್ಲಿ ಮೇಲಕ್ಕೆ ಮಡಚಿಕೊಂಡು ನಿಂತಿವೆ. ಆ ಬಳೆಯೊಳಗಣ ತಗ್ಗಿನಲ್ಲಿ ಕೆರೆಯೂ ಕಾಡೂ, ಶಿಲ್ಪಸಮೃದ್ಧವಾದ ಭಂಡದೇವರಾ ಎಂಬ ಪ್ರಾಚೀನ ಶಿವಾಲಯವೂ ಇವೆ. ಈ ವಿಚಿತ್ರ ರಚನೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು 1869ರಷ್ಟು ಹಿಂದೆಯೇ ಗುರುತಿಸಿದ್ದರೂ, ಅದು ಉಲ್ಕಾಘಾತದ ಫಲವೆಂದು ವಿದ್ವತ್ಪ್ರಪಂಚವು ನಿಸ್ಸಂಶಯವಾಗಿ ಒಪ್ಪಿಕೊಳ್ಳುವುದಕ್ಕೆ ಒಂದೂವರೆ ಶತಮಾನ ಹಿಡಿಯಿತು. ಮೂಲ ಕುಳಿಯ ವ್ಯಾಸ ಸುಮಾರು 10 ಕಿಲೋಮೀಟರ್ ಎಂದೂ, ಇಂದು ಕಾಣುವ ಬೆಟ್ಟದ ಬಳೆಯು ಅದರೊಳಗಿನದೆಂದೂ ಈಚಿನ ಅಧ್ಯಯನಗಳು ತಿಳಿಸುವುವು. ಲೋಣಾರವು ಬೆಟ್ಟವಲ್ಲ, ಸುಮಾರು 1.8 ಕಿಲೋಮೀಟರ್ ಅಗಲದ ಬೋಗುಣಿ. ಆದರೆ ಆಘಾತವು ತೆರೆದ ನೆಲದಲ್ಲಿ ಜೀವವು ಹೇಗೆ ಬೇರೂರುವುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನಮ್ಮಲ್ಲಿ ಇಲ್ಲ. ದಖನ್ನಿನ ಕರಿಗಲ್ಲಿನಲ್ಲಿ ಕೊರೆದ ಆ ಕುಳಿಯಿಂದ ನೀರು ಹೊರಕ್ಕೆ ಹರಿಯಲಾರದೆ, ಯುಗಯುಗಗಳಿಂದ ಆವಿಯಾಗುತ್ತಾ ಉಳಿದು ಉಪ್ಪೂ ಕ್ಷಾರವೂ ಆಗಿದೆ. ಮೀನು ಬದುಕಲಾರದ ಆ ನೀರಿನಲ್ಲಿ ಕಣ್ಣಿಗೆ ಕಾಣದ ನೀಲಿಹಸುರು ಪಾಚಿಯೂ ಲವಣಪ್ರಿಯ ಸೂಕ್ಷ್ಮಜೀವಿಗಳೂ ಸಮೃದ್ಧವಾಗಿ ಬಾಳುವುವು. 2020ರ ಜೂನ್ ತಿಂಗಳಿನಲ್ಲಿ ಕೆರೆಯೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದುದು ಆ ಲವಣಪ್ರಿಯ ಜೀವಿಗಳ ವರ್ಣದಿಂದಲೇ. ಕುಳಿಯ ಒಳ ಇಳಿಜಾರಿನಲ್ಲಿಯಾದರೋ ಸಿಹಿನೀರಿನ ಒರತೆಗಳು, ಅವುಗಳ ಆಶ್ರಯದಲ್ಲಿ ಕಾಡು, ನವಿಲು.

ಆಸ್ಟ್ರೇಲಿಯದ ನಡುನಾಡಿನಲ್ಲಿ ತ್ನೊರಾಲ ಎಂಬ ಬೆಟ್ಟವಿದೆ. ಸುಮಾರು 14 ಕೋಟಿ ವರ್ಷಗಳ ಹಿಂದೆ ಅಲ್ಲಿ ಆದ 22 ಕಿಲೋಮೀಟರ್ ಅಗಲದ ಕುಳಿಯೆಲ್ಲ ಸವೆದು ಹೋಗಿ, ನಡುವೆ ಎದ್ದಿದ್ದ ಶಿಲೆಯ ಬುಡ ಮಾತ್ರ ಸುಮಾರು 5 ಕಿಲೋಮೀಟರ್ ಅಗಲದ ಉಂಗುರವಾಗಿ ಉಳಿದಿದೆ. ಆಕಾಶಗಂಗೆಯಲ್ಲಿ ನಕ್ಷತ್ರರೂಪದ ಸ್ತ್ರೀಯರು ನರ್ತಿಸುತ್ತಿರಲು ಒಬ್ಬ ತಾಯಿ ಮರದ ತೊಟ್ಟಿಲಲ್ಲಿ ಮಲಗಿಸಿದ್ದ ಮಗು ಜಾರಿ ಭೂಮಿಗೆ ಬಿದ್ದಿತೆಂದೂ, ಬಿದ್ದ ಬಿರುಸಿಗೆ ಸುತ್ತಣ ಬಂಡೆಗಳು ಮೇಲೆದ್ದು ನಿಂತುವೆಂದೂ ಅಲ್ಲಿಯ ಅರೆಂಟೆ ಮೂಲನಿವಾಸಿಗಳು ಹೇಳುವರು. ಮನುಷ್ಯನು ಇನ್ನೂ ಹುಟ್ಟಿರದ ಕಾಲದ ಘಟನೆಯನ್ನು ಅವರ ಪೂರ್ವಿಕರು ಕಂಡಿರಲಾರರು. ಆದರೆ ನೆಲದ ಆಕಾರವನ್ನೇ ತಲೆತಲಾಂತರದಿಂದ ನೋಡುತ್ತಾ ಬಂದವರು ಅದರ ಹುಟ್ಟನ್ನು ಇಷ್ಟು ಹತ್ತಿರಕ್ಕೆ ಊಹಿಸಿದರೆಂಬುದು ನನಗೆ ಬಹಳ ದೊಡ್ಡ ಮಾತಾಗಿ ತೋರುವುದು.

ಆಕಾರವೊಂದನ್ನೇ ನಂಬಿ ತೀರ್ಪು ಕೊಡುವುದು ವಿಜ್ಞಾನಕ್ಕೆ ಸಲ್ಲದು. ದುಂಡಗಿನ ಕುಳಿಗಳನ್ನು ಜ್ವಾಲಾಮುಖಿಯೂ ಮಾಡುವುದು. ಅಮೆರಿಕದ ಅರಿಜೋನದಲ್ಲಿರುವ 1.2 ಕಿಲೋಮೀಟರ್ ಅಗಲದ ಕುಳಿಯ ವಿಷಯದಲ್ಲಿ ದಶಕಗಟ್ಟಲೆ ನಡೆದ ವಾದವು ತೀರಿದುದು 1960ರಲ್ಲಿ, ಅಲ್ಲಿಯ ಮರಳುಗಲ್ಲಿನಲ್ಲಿ ಕೊಯೆಸೈಟ್ ಎಂಬ ಖನಿಜವು ದೊರೆತಾಗ. ಬೆಣಚುಕಲ್ಲಿನ ದ್ರವ್ಯವೇ ಅಸಾಧಾರಣ ಒತ್ತಡಕ್ಕೆ ಸಿಕ್ಕಿ ಬಿಗಿದುಕೊಂಡ ರೂಪವದು. ನೆಲದ ಮೇಲ್ಮೈಯಲ್ಲಿ ಅದನ್ನು ಉಂಟುಮಾಡುವಷ್ಟು ಒತ್ತಡವು ಉಲ್ಕಾಘಾತದ ಹೊರತು ಪ್ರಕೃತಿಯಲ್ಲಿ ಬೇರೆ ಇಲ್ಲ. ಬಂಡೆಯಲ್ಲಿ ಒಂದರೊಳಗೊಂದು ಹೊಂದಿಕೊಂಡು ಗೀರುಗೀರಾಗಿ ಒಡೆದ ಶಂಕುಗಳು, ಬೆಣಚಿನ ಹರಳಿನೊಳಗೆ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಸಮಾನಾಂತರ ರೇಖೆಗಳ ಗುಂಪು, ಇವೂ ಅಂಥ ಸಾಕ್ಷಿಗಳೇ. ಬೆಟ್ಟವು ಸವೆದು ಸಮತಟ್ಟಾದರೂ ಹರಳಿನೊಳಗಣ ಈ ಬರೆ ಅಳಿಯುವುದಿಲ್ಲ. ಕಾರ್ಕಳದಂತೆಯೇ ಪ್ರಾಚೀನ ಗ್ರಾನೈಟಿನ ನೆಲವಾದ ಢಾಲಾದಲ್ಲಿ ನೂರಾರು ಕೋಟಿ ವರ್ಷಗಳ ಬಳಿಕವೂ ಆಘಾತವನ್ನು ಗುರುತಿಸಲು ಸಾಧ್ಯವಾದುದು ಇದರಿಂದಲೇ.

ಉಡುಪಿ ಜಿಲ್ಲೆಯ ಬಂಡೆಗಳಲ್ಲಿ ಈ ಬರೆ ಇದೆಯೆಂದು ಯಾರೂ ದಾಖಲಿಸಿಲ್ಲ. ವಿಜ್ಞಾನದ ಪ್ರಮಾಣಕ್ಕೆ ಸಮವಲ್ಲದಿದ್ದರೂ ಇನ್ನೊಂದು ಸಾಕ್ಷಿಯನ್ನು ಇಲ್ಲಿ ಹೇಳಬಹುದು. ಉಲ್ಕಾಘಾತದಿಂದ ಎದ್ದ ಬೆಟ್ಟದ ಶಿಲೆಯು ಒಳಗೊಳಗೆ ನುಗ್ಗುನುರಿಯಾಗಿರುವುದು ಸಹಜ. ಕಾರ್ಕಳದ ನೆಲವಾದರೋ ಬಿರುಕಿಲ್ಲದ ಕಲ್ಲಿಗೆ ಹೆಸರಾದುದು. 1432ರ ಫೆಬ್ರವರಿ 13ರಂದು ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಸುಮಾರು 42 ಅಡಿಯ ಗೊಮ್ಮಟನು ಒಂದೇ ಕಲ್ಲಿನವನು. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠಿತವಾದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದುದೂ ಕಾರ್ಕಳದ ಕಲ್ಲಿನಲ್ಲಿಯೇ. ಶಿಲ್ಪಿಯು ಕಲ್ಲನ್ನು ಆರಿಸುವಾಗ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳುವನು. ಒಳಗೆ ಕೂದಲೆಳೆಯಷ್ಟು ಸೀಳಿದ್ದರೂ ಕಲ್ಲಿನ ನಾದ ಮಂಕಾಗುವುದು, ಅಖಂಡವಾಗಿದ್ದರೆ ಖಣಿಲೆನ್ನುವುದು. ಆರು ಶತಮಾನಗಳ ಮಳೆ ಬಿಸಿಲುಗಳಿಗೆ ಮೈಯೊಡ್ಡಿ ನಿಂತ ಆ ಮೂರ್ತಿಯು ತಾನು ಬಂದ ಶಿಲೆಯು ಶಾಂತವಾಗಿ ಹುಟ್ಟಿದುದೆಂಬುದನ್ನು ಸಾರುತ್ತಿರುವಂತೆ ನನಗೆ ಕಾಣುವುದು.

ಆ ಹುಟ್ಟಿನ ಕ್ರಮ ಹೀಗೆ. ನಮ್ಮ ಕಾಲಡಿಯ ತಳಪಾಯವು 250 ಕೋಟಿಯಿಂದ 330 ಕೋಟಿ ವರ್ಷಗಳ ಹಿಂದಿನ ನೈಸ್ ಮತ್ತು ಗ್ರಾನೈಟ್ ಶಿಲೆಗಳದು. ಧಾರವಾಡದ ಹೆಸರಿನಿಂದ ಪ್ರಸಿದ್ಧವಾದ, ಭೂಖಂಡಗಳ ಪೈಕಿ ಅತ್ಯಂತ ಹಳೆಯ ತುಣುಕುಗಳಲ್ಲೊಂದರ ಪಶ್ಚಿಮದ ಅಂಚು ಇದು. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ ಕರಗಿದ ಶಿಲಾಪಾಕವು ಲಕ್ಷಾಂತರ ವರ್ಷಗಳ ಕಾಲ ನಿಧಾನವಾಗಿ ತಣಿದು, ಬೆಣಚು ಫೆಲ್ಸ್‌ಪಾರುಗಳ ಹರಳುಗಳು ಒಂದನ್ನೊಂದು ಹೆಣೆದುಕೊಂಡು ಗಟ್ಟಿಯಾಯಿತು. ಮೇಲಿದ್ದ ನೆಲವನ್ನು ಮಳೆಯೂ ಹೊಳೆಗಳೂ ಕೊಚ್ಚಿ ಕಡಲಿಗೆ ಸಾಗಿಸಿದಂತೆಲ್ಲ, ಹೊರೆ ಇಳಿದ ಶಿಲೆಯು ಮೇಲ್ಮುಖವಾಗಿ ಹಿಗ್ಗಿ, ಮೈಗೆ ಸಮಾನಾಂತರವಾದ ಹಾಳೆಹಾಳೆಗಳಾಗಿ ಕಳಚತೊಡಗಿತು. ಮೂಲೆಗಳೆಲ್ಲ ಸವೆದು ನುಣುಪಾದ ಗುಡ್ಡ ಉಳಿಯಿತು. ಸುತ್ತಣ ಮೆದುವಾದ, ಬಿರುಕು ಹೆಚ್ಚಿದ ಕಲ್ಲು ಕರಗಿಹೋದುದರಿಂದ ಇದು ಒಂಟಿಯಾಗಿ ಕಾಣುತ್ತದೆಯೇ ಹೊರತು ಎಲ್ಲಿಂದಲೋ ಬಂದುದರಿಂದಲ್ಲ. ಬೆಟ್ಟವು ಎದ್ದುದಲ್ಲ, ಸುತ್ತಣ ನಾಡು ಇಳಿದುದು. ಕಾಪುವಿನಲ್ಲಿ 1901ರಿಂದ ದೀಪಸ್ತಂಭವನ್ನು ಹೊತ್ತು ನಿಂತಿರುವ ಬಂಡೆಯೂ ಇದೇ ತಳಪಾಯದ ಒಂದು ತುದಿ. ಅಲ್ಲಿ ಮಳೆಯ ಕೆಲಸವನ್ನು ಅಲೆ ಮಾಡುತ್ತಿದೆ. ನೀರಿಳಿದ ಹೊತ್ತಿನಲ್ಲಿ ಆ ಬಂಡೆಯ ಸಂದುಗಳನ್ನು ನೋಡಿದವರು, ಉಬ್ಬರದ ಗೆರೆಗೆ ಸರಿಯಾಗಿ ಚಿಪ್ಪುಜೀವಿಗಳು ಮೇಲೊಂದು ಜಾತಿ ಕೆಳಗೊಂದು ಜಾತಿಯಾಗಿ ಪಟ್ಟೆಪಟ್ಟೆಯಾಗಿ ನೆಲಸಿರುವುದನ್ನೂ, ತೀರ ಕೆಳಗೆ, ಸದಾ ಒದ್ದೆಯಾಗಿರುವಲ್ಲಿ ಪಚ್ಚಿಲೆಗಳು ಅಂಟಿಕೊಂಡಿರುವುದನ್ನೂ ಕಾಣಬಹುದು.

ಮಲ್ಪೆಯ ಆಚೆ ಕಡಲಿನಲ್ಲಿರುವ ಸೇಂಟ್ ಮೇರಿಸ್ ದ್ವೀಪಗಳ ಐದಾರು ಮೂಲೆಯ ಕಲ್ಲಿನ ಕಂಬಗಳ ಕಥೆಯೇ ಬೇರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರವು ಭಾರತದಿಂದ ಬೇರ್ಪಟ್ಟಾಗ ಬಿರಿದ ನೆಲದಿಂದ ಹೊರಚೆಲ್ಲಿದ ಲಾವಾ ತಣಿದು ಸಂಕುಚಿಸಿ ಹಾಗೆ ಸೀಳಿತು. ಈ ತೀರದಲ್ಲಿ ಆದ ಮಹಾಘಟನೆ ಯಾವುದೆಂದು ಕೇಳಿದರೆ ಈ ಅಗಲಿಕೆಯನ್ನೇ ಹೇಳಬೇಕು. ನಮಗೆ ಕಡಲನ್ನೂ ಘಟ್ಟದ ಗೋಡೆಯನ್ನೂ, ಆ ಗೋಡೆಗೆ ಬಡಿಯುವ ಮಳೆಯನ್ನೂ ಕೊಟ್ಟುದು ಅದು.

ಆ ಮಳೆಯ ಕೃತಿಯೇ ಮುರಕಲ್ಲು. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯ ಬದಿಯ ಕಡಿತಗಳಲ್ಲಿ ಕೆಂಪಗೆ, ಮೈಯೆಲ್ಲ ತೂತಾಗಿ, ಬೆಂಕಿಯಲ್ಲಿ ಬೆಂದಂತೆ ತೋರುವ ಈ ಕಲ್ಲನ್ನೂ, ಅದರಿಂದ ಉದುರುವ ಕಪ್ಪು ಹರಳುಗಳನ್ನೂ ಕಂಡು, ಇದು ಆಕಾಶದ ಬೆಂಕಿಯ ಪಳೆಯುಳಿಕೆಯೆಂದು ಭ್ರಮಿಸುವುದು ಸುಲಭ. ವಾಸ್ತವದಲ್ಲಿ ಉಲ್ಕಾಶಿಲೆಯ ಮೈಯಲ್ಲಿ ತೂತುಗಳಿರುವುದು ಅತ್ಯಪೂರ್ವ. ಹೊಸತಾಗಿ ಬಿದ್ದ ಉಲ್ಕಾಶಿಲೆಗೆ ತೆಳ್ಳನೆಯ ಕರಿಯ ಸಿಪ್ಪೆಯಿದ್ದು, ಒಳಗೆ ನಿಕ್ಕಲು ಬೆರೆತ ಕಬ್ಬಿಣವು ಲೋಹವಾಗಿಯೇ ಇರುವುದರಿಂದ ಅಯಸ್ಕಾಂತವು ಅದನ್ನು ಹಿಡಿಯುವುದು. ಮುರಕಲ್ಲಿನ ಕಬ್ಬಿಣವು ತುಕ್ಕಾಗಿ ಹೋದ ಕಬ್ಬಿಣ. ಲಕ್ಷಲಕ್ಷ ವರ್ಷಗಳ ಮಳೆ ಹಳೆಯ ನೈಸ್ ಶಿಲೆಯನ್ನು ಕೊಳೆಯಿಸಿ, ಅದರಲ್ಲಿದ್ದ ಸಿಲಿಕ, ಸುಣ್ಣ, ಸೋಡಗಳನ್ನು ತೊಳೆದು ಒಯ್ದ ಮೇಲೆ, ಕರಗದೆ ಉಳಿದ ಕಬ್ಬಿಣ ಅಲ್ಯೂಮಿನಿಯಂಗಳ ಗಟ್ಟಿ ಶೇಷ ಅದು. ನೆಲದೊಳಗೆ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಡುಸಾಗುವ ಈ ಕಲ್ಲನ್ನು ಕೇರಳದ ಅಂಗಡಿಪುರದಲ್ಲಿ ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಆ ಮೇಲೆ ಲೋಕವೆಲ್ಲ ಆ ಹೆಸರನ್ನೇ ಹಿಡಿಯಿತು.

1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಅದೊಂದು ಬೋಳುಗುಡ್ಡೆಯಾಗಿತ್ತೆಂದು ಹೇಳುವುದು ವಾಡಿಕೆ. ಅವರ ಸಾಹಸಕ್ಕೆ ಸಲ್ಲಬೇಕಾದ ಗೌರವಕ್ಕೆ ಕುಂದು ಬಾರದಂತೆ ಒಂದು ಮಾತನ್ನು ಸೇರಿಸಬೇಕು: ಮುರಕಲ್ಲಿನ ಪದವು, ಎಂದರೆ ಹಾಸುಗಲ್ಲಿನ ಗುಡ್ಡೆ, ಬೋಳಾಗಿರುವುದು ವರ್ಷದ ಅರ್ಧ ಮಾತ್ರ. ಚೈತ್ರ ವೈಶಾಖಗಳಲ್ಲಿ ಬರಿಗಾಲು ಇಡಲಾಗದಷ್ಟು ಕಾಯುವ ಆ ಹಾಸಿನ ತಗ್ಗುಗಳಲ್ಲಿ ಮಳೆ ಹಿಡಿದ ಕೆಲವೇ ವಾರಗಳೊಳಗೆ ಹುಲ್ಲು, ಜೇಕು ಚಿಗುರುವುವು. ತುಳುವರ ಆಟಿ ತಿಂಗಳು ಕಳೆದು, ಮಳೆಗಾಲದ ನಡುವಿನ ಸೋಣ ತಿಂಗಳು ಬರುವ ಹೊತ್ತಿಗೆ ಎರಿಯೊಕಾಲಾನ್ ಎಂಬ ಗಿಡದ ಬಿಳಿಯ ಗುಂಡಿಹೂಗಳೂ ಯುಟ್ರಿಕ್ಯುಲೇರಿಯದ ನೀಲಿ ಹೂಗಳೂ ಹಾಸುಗಟ್ಟಿ ಅರಳುವುವು. ಸೋಣದಲ್ಲಿ ಹೊಸ್ತಿಲಿಗೆ ಹೂವಿಟ್ಟು ಪೂಜಿಸುವ ನಮ್ಮ ಹೆಂಗಳೆಯರು ಗುಡ್ಡೆಯ ಇಂಥ ಕಾಡುಹೂಗಳನ್ನು ಚೆನ್ನಾಗಿ ಬಲ್ಲರು. ಯುಟ್ರಿಕ್ಯುಲೇರಿಯವು ನೋಡಲು ಸುಕುಮಾರವಾದರೂ ಮಾಂಸಾಹಾರಿ: ಸಾರಜನಕ ಕಡಿಮೆಯಿರುವ ಬಡ ನೆಲವಾದುದರಿಂದ, ಬುಡದಲ್ಲಿರುವ ಸಾಸಿವೆಗಿಂತಲೂ ಕಿರಿದಾದ ಚೀಲಗಳ ಬಾಯನ್ನು ಥಟ್ಟನೆ ತೆರೆದು, ನೀರಿನ ಸೂಕ್ಷ್ಮಪ್ರಾಣಿಗಳನ್ನು ಒಳಗೆಳೆದುಕೊಂಡು ಜೀರ್ಣಿಸಿಕೊಳ್ಳುವುದು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಪ್ರಕಟಿಸಿದ ಉಡುಪಿಯ ಸಸ್ಯಸಂಪತ್ತಿನ ಗ್ರಂಥವನ್ನು ತಿರುವಿದವರಿಗೆ ಈ ನೆಲವು ಎಷ್ಟು ಶ್ರೀಮಂತವೆಂಬುದು ತಿಳಿಯುವುದು.

ಇದೇ ಮಣಿಪಾಲದ ಮುರಕಲ್ಲಿನ ಹಾಸಿನಲ್ಲಿ, ಓದಲು ಬಂದವರೂ ಬೋಧಿಸುವವರೂ ದಿನವೂ ಓಡಾಡುವ ನೆರೆಯಲ್ಲಿ, ವಿಜ್ಞಾನಕ್ಕೆ ಹೊಸದಾದ ಒಂದು ಕಪ್ಪೆಯಿರುವುದೆಂದು 2016ರಲ್ಲಿ ಪ್ರಕಟವಾಯಿತು. ಸುಮಾರು 1.6 ಸೆಂಟಿಮೀಟರ್ ಉದ್ದದ, ಹೆಬ್ಬೆರಳಿನ ಉಗುರಿನ ಮೇಲೆ ಕೂರಬಹುದಾದಷ್ಟು ಕಿರಿಯ ಪ್ರಾಣಿ; ತಿಳಿಕಂದು ಮೈ, ಬೆನ್ನಿನ ಮೇಲೆಯೂ ಪಕ್ಕೆಗಳಲ್ಲಿಯೂ ಕಪ್ಪು ಗುರುತುಗಳು. ಮಳೆಗಾಲದ ರಾತ್ರಿ ಹುಲ್ಲಿನ ಬುಡದಲ್ಲಿ ಅಡಗಿ ಗಂಡು ಕೂಗುವ ದನಿಯು ಕೀಟದ ದನಿಯನ್ನು ಎಷ್ಟು ಹೋಲುವುದೆಂದರೆ, ಕೇಳಿದವರು ಅದು ಕಪ್ಪೆಯದೆಂದು ಎಣಿಸದೆ ಮುಂದೆ ನಡೆದುಬಿಡುವರು. ಕಂಡುಹಿಡಿದವರು ಅದಕ್ಕೆ ‘ಮೈಕ್ರೊಹೈಲ ಲ್ಯಾಟರೈಟ್’ ಎಂದು ಅದು ವಾಸಿಸುವ ಕಲ್ಲಿನ ಹೆಸರನ್ನೇ ಇಟ್ಟರು. ಸರಕಾರದ ಲೆಕ್ಕದಲ್ಲಿ ಬಂಜರೆಂದು ಬರೆಯಲ್ಪಡುವ ಈ ಹಾಸುಗಳ ಕಡೆಗೆ ಜನರ ಕಣ್ಣು ತಿರುಗಲೆಂಬುದೇ ಅವರ ಅಭಿಪ್ರಾಯವಾಗಿತ್ತು. ಬಂಡೆಯ ತಗ್ಗಿನಲ್ಲಿ ಕೆಲವು ತಿಂಗಳು ಮಾತ್ರ ನಿಲ್ಲುವ ನೀರಿನಲ್ಲಿ ಆ ಕಪ್ಪೆಯ ಮೊಟ್ಟೆ, ಮರಿ, ಬೆಳವಣಿಗೆಯೆಲ್ಲ ಮುಗಿಯಬೇಕು. ಆ ತಗ್ಗಿಗೆ ಮಣ್ಣು ತುಂಬಿ ಸಮಮಾಡಿದರೆ ಅದಕ್ಕೆ ಬೇರೆ ಮನೆಯಿಲ್ಲ.

ಪದವಿನ ಉಪಕಾರ ಕಪ್ಪೆಗೆ ಮಾತ್ರವಲ್ಲ. ಮುರಕಲ್ಲಿನ ತೂತುಗಳಲ್ಲಿ ಇಂಗಿದ ಮಳೆನೀರು ಅಡಿಯ ಶೇಡಿಮಣ್ಣನ್ನು ತಲುಪಿ, ಅದನ್ನು ದಾಟಲಾರದೆ ಪಕ್ಕಕ್ಕೆ ಹರಿದು ಗುಡ್ಡೆಯ ಬುಡದಲ್ಲಿ ಒರತೆಯಾಗಿ ಹೊಮ್ಮುವುದು. ಬೈಲಿನ ಗದ್ದೆಗೂ ಬಾವಿಗೂ ಮಾಘ ಫಾಲ್ಗುಣದ ವರೆಗೆ ನೀರುಣಿಸುವುದು ಅದೇ. ಕಲ್ಲು ಕಡಿಯುವ ಯಂತ್ರಗಳು ಪದವನ್ನು ಆಳಕ್ಕೆ ಸೀಳಿದೆಡೆಯಲ್ಲಿ ಕೆಳಗಿನ ಬಾವಿಗಳು ಬೇಗ ಬತ್ತುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಕಾರ್ಕಳದ ಗೊಮ್ಮಟನಿಗೆ ಕಾವಲಿದೆ, ಸೇಂಟ್ ಮೇರಿಸ್ ದ್ವೀಪಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಪದವಿಯಿದೆ; ಮುರಕಲ್ಲಿನ ಪದವುಗಳಿಗೆ ಬಂಜರೆಂಬ ಹೆಸರು ಮಾತ್ರ ಇದೆ. ಮನೆಗೆ ಕಲ್ಲು ಬೇಡವೆಂದು ಯಾರೂ ಹೇಳಲಾರರು. ಆದರೆ ಪ್ರತಿಯೊಂದು ಗ್ರಾಮ ಪಂಚಾಯತಿಯೂ ತನ್ನ ಗಡಿಯೊಳಗಣ ಪದವುಗಳಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವ ಹಾಸೊಂದನ್ನಾದರೂ ಗುರುತಿಸಿ, ಅದನ್ನು ಕಡಿಯಗೊಡದೆ, ಮಣ್ಣು ತುಂಬಗೊಡದೆ ಉಳಿಸಿಕೊಳ್ಳಬೇಕು. ಆ ಗುರುತಿಸುವ ಕೆಲಸವನ್ನು ಬೇಸಗೆಯಲ್ಲಿ ಮಾಡದೆ, ಸೋಣ ತಿಂಗಳಿನಲ್ಲಿ ಮಾಡಬೇಕು.